ಗಾಳಿ ಬಿಡಿಸಿದ ಹತ್ತು ನಿಮಿಷ

ಜಾಲ್ಸೂರು ದಾಟಿದ್ದೇ, ಡೀಸೆಲ್ ಎಂಜಿನ್ ಕೂರಿಸಿದ್ದ ನಮ್ಮ ಬಾಡಿಗೆ ಕಾರು ಡೀಸೆಲ್ ಮುಗಿದು ನಿಂತುಬಿಟ್ಟಿತು. ಹಿಂದಿನ ಸೀಟಿನಲ್ಲಿ ತಂಗಿ ವಾರಿಜ ಜ್ವರದಿಂದ ನಡುಗುತ್ತಾ ನನ್ನ ಭುಜಕ್ಕೆ ಒರಗಿದ್ದಳು. ಪುತ್ತೂರಿನ ಆಸ್ಪತ್ರೆ ಇನ್ನೂ ದೂರವಿತ್ತು. ಅರುವತ್ತರ ದಶಕದ ಆ ರಸ್ತೆಯಲ್ಲಿ ವಾಹನಗಳೇ ಅಪರೂಪ.

ಬಹಳ ಹೊತ್ತಿನ ಮೇಲೆ ಬಂದ ಲಾರಿಯ ಡ್ರೈವರ್ ಒಂದು ಡಬ್ಬಿ ಡೀಸೆಲ್ ಕೊಟ್ಟರು. ಅದನ್ನು ಹೊಯ್ದ ಮೇಲೂ ಎಂಜಿನ್ ಸ್ಟಾರ್ಟ್ ಆಗಲಿಲ್ಲ. ನಮ್ಮ ಡ್ರೈವರ್ ಮತ್ತೆ ಮತ್ತೆ ಪ್ರಯತ್ನಿಸಿದ. ಬ್ಯಾಟರಿ ಸೋಲುತ್ತಾ ಬಂತು.

“ಸಾಕು ಮಾರಾಯ, ಬ್ಯಾಟರಿ ಮುಗಿಸ್ಬೇಡ. ಡೀಸೆಲ್ ಮುಗಿದು ಪೈಪಿಗೆ ಗಾಳಿ ಹೊಕ್ಕಿದೆ. ಅದನ್ನು ಬಿಡಿಸದೆ ಎಂತ ಮಾಡಿದ್ರೂ ಆಗುದಿಲ್ಲ,” ಎಂದರು ಲಾರಿಯವರು.

ನಾನು ತಲೆ ತಗ್ಗಿಸಿದೆ. ವಾರಿಜಳಿಗೆ ಜ್ವರ ಬಂದಾಗ, ಯಾವುದೋ ದೆವ್ವದ ಗಾಳಿ ಸೋಕಿದೆಯೆಂದು ಮಂತ್ರಿಸಿದ ನೂಲು ಕಟ್ಟಿಸಿ ಎರಡು ದಿನ ಮನೆಯಲ್ಲೇ ಇರಿಸಿದವನು ನಾನು.

ಅವಳು ಕಣ್ಣು ತೆರೆದು ಕೇಳಿದಳು: “ಅಣ್ಣ, ಕಾರಿಗೂ ಒಂದು ನೂಲು ಕಟ್ಟುವಾ?”

ಲಾರಿಯವರು ಆ ಪೈಪಿನ ತಿರುಪು ಸಡಿಲಿಸಿ, ಗಾಳಿಯ ನೊರೆ ನಿಂತು ಬರೀ ಡೀಸೆಲ್ ಬರುವವರೆಗೆ ಎಂಜಿನ್ನಿನ ಕೈಪಂಪು ಒತ್ತಿದರು. ಹತ್ತು ನಿಮಿಷದಲ್ಲಿ ಎಂಜಿನ್ ಸ್ಟಾರ್ಟ್ ಆಯಿತು.

ವಾರಿಜ ಮರುದಿನ ಆಸ್ಪತ್ರೆಯಲ್ಲಿ ತೀರಿಕೊಂಡಳು. ನರ್ಸ್ ಆ ನೂಲನ್ನು ಬಿಚ್ಚಿ ನನ್ನ ಕೈಗೆ ಕೊಟ್ಟರು. ಅವಳ ತಮಾಷೆಗೆ ಆಗ ನಾನೊಮ್ಮೆ ನಗಬೇಕಿತ್ತು ಎಂದು ಈಗಲೂ ಅನಿಸುತ್ತದೆ.