ಕೆರೆ ಏರಿಯ ಮೇಲೆ ಅತ್ತಿಗೆ ಕೇಳಿದ್ದು

ಆ ಬೆಳಿಗ್ಗೆ ಕೆರೆ ಏರಿಯ ಮೇಲೆ ನಾನು ಏನಂದೆ ಎಂಬುದು ಇನ್ನೂ ಇತ್ಯರ್ಥವಾಗಿಲ್ಲ. ಅತ್ತಿಗೆಯ ಪ್ರಕಾರ ನಾನು, "ಏನಾಗಲ್ಲ, ಕುಡೀಲಿ ಬುಡಿ" ಅಂದೆ. ನನ್ನ ನೆನಪಿನ ಪ್ರಕಾರ, "ಪರೀಕ್ಷೆ ಮಾಡಿಸದೆ ಹೇಳಕ್ಕಾಗಲ್ಲ" ಅಂದೆ. ಅಲ್ಲಿ ನಮ್ಮಿಬ್ಬರನ್ನು ಬಿಟ್ಟರೆ ಇದ್ದದ್ದು ಅತ್ತಿಗೆಯ ಕೆಂದ ಹಸು ಒಂದೇ. ಅದು ಸತ್ತುಹೋಯಿತು.

ನಾನು ಮಂಡ್ಯದ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರ ಹೇಳಿಕೊಡುತ್ತೇನೆ. ನಮ್ಮೂರು ಕೆರಗೋಡಿನಿಂದ ಒಳಕ್ಕೆ. ಅವ್ವ, ಅಣ್ಣ, ಅತ್ತಿಗೆ ಅಲ್ಲಿದ್ದಾರೆ, ರಜೆ ಸಿಕ್ಕಾಗ ಬಸ್ಸು ಹಿಡಿದು ಹೋಗುತ್ತೇನೆ. ನನ್ನ ನೆನಪು ನಂಬಿಕೆಗೆ ಅರ್ಹವಲ್ಲ ಎಂಬುದು ನನಗೆ ಮೊದಲಿಂದ ಗೊತ್ತು. 'ನಾನು ಚಿಕ್ಕವನಿದ್ದಾಗ ನಮ್ಮೂರ ಕೆರೆಯಲ್ಲಿ ತಳದ ಮರಳು ಕಾಣುತ್ತಿತ್ತು' ಎಂದು ತರಗತಿಯಲ್ಲಿ ಹೇಳುವುದು ನನಗೆ ಅಭ್ಯಾಸ. ಒಂದು ಸಲ ಹೇಳುತ್ತಿರುವಾಗಲೇ ಅನುಮಾನ ಬಂತು. ನಮ್ಮ ಕೆರೆಯಲ್ಲಿ ಮರಳೇ ಇಲ್ಲ, ಇರುವುದು ಕಪ್ಪು ಗೋಡುಮಣ್ಣು. ದಿನವಿಡೀ ಎಮ್ಮೆಗಳು ಬಿದ್ದುಕೊಂಡಿರುತ್ತಿದ್ದ ನೀರು ತಿಳಿಯಾಗಿದ್ದೀತು ಹೇಗೆ? ಮರಳು ಕಂಡದ್ದು ನಾಲೆಯಲ್ಲಿರಬೇಕು. ಆದರೂ ಮರುವರ್ಷದ ಮಕ್ಕಳಿಗೆ ಅದನ್ನೇ ಹೇಳಿದೆ. ಕೇಳುವುದಕ್ಕೆ ಚೆನ್ನಾಗಿತ್ತು.

ಕೆರೆ ಈಗ ತಿಳಿಯಾಗಿಲ್ಲ ಎಂಬುದರಲ್ಲಿ ಮಾತ್ರ ಅನುಮಾನವಿಲ್ಲ. ನಾಲೆಯ ನೀರು ಒಂದು ಗದ್ದೆಯನ್ನು ತುಂಬಿ, ಬದುವಿನಲ್ಲಿ ಕಡಿದ ಗಂಡಿಯಿಂದ ಕೆಳಗಿನ ಗದ್ದೆಗೆ ಇಳಿದು, ಕೊನೆಗೆ ಬಸಿಗಾಲುವೆ ಸೇರಿ ಕೆರೆಗೆ ಬೀಳುತ್ತದೆ. ನೀರಿನ ಸರದಿ ಬಂದ ದಿನವೇ ಗೊಬ್ಬರ ಎರಚುವುದು ನಮ್ಮವರ ರೂಢಿ. ಹರಿಯುವ ನೀರಿಗೆ ಎರಚಿದರೆ ಪೈರಿಗೆ ಬೇಗ ಹಿಡಿಯುತ್ತದೆ ಅನ್ನುತ್ತಾರೆ. ಹಿಡಿದಷ್ಟು ಹಿಡಿದು, ಮಿಕ್ಕ ಯೂರಿಯಾ, ಡಿಎಪಿ ಗಂಡಿಯಿಂದ ಗಂಡಿಗೆ ಇಳಿದು ಹೋಗುತ್ತದೆ. ಊರಿನ ಚರಂಡಿಯೂ ಅಲ್ಲಿಗೇ. ಇದನ್ನೆಲ್ಲ ಉಂಡ ಪಾಚಿ, ಬಿಸಿಲು ಏರಿ ನೀರು ತಗ್ಗಿದಾಗ ಮೇಲೇಳುತ್ತದೆ. ಈ ಬೇಸಿಗೆಯಲ್ಲಿ ಗಾಳಿ ಅದನ್ನು ಏರಿಯ ಕಡೆಗೆ ತಂದು ಒತ್ತಿತ್ತು. ಬಣ್ಣದ ಡಬ್ಬ ಮಗುಚಿದ ಹಾಗೆ ದಡದ ಕಲ್ಲುಗಳಿಗೂ ಹಸಿರು ಬಳಿದುಕೊಂಡಿತ್ತು.

ಮನೆಯ ಬೋರಿನ ಮೋಟರು ಸುಟ್ಟು ರಿಪೇರಿಗೆ ಹೋಗಿತ್ತು. ಹಾಗಾಗಿ ಅತ್ತಿಗೆ ಮನೆಯ ಎರಡು ಹಸುಗಳಲ್ಲಿ ಮೊದಲು ಕೆಂದ ಹಸುವನ್ನು ಕೆರೆಗೆ ಹೊಡೆದುಕೊಂಡು ಬಂದರು. ನಾನು ಆಗಲೇ ಅಲ್ಲಿದ್ದೆ, ಬಾಟಲಿಗೆ ನೀರು ತುಂಬಿಕೊಂಡು ಮೊಬೈಲಿನಲ್ಲಿ ಫೋಟೊ ತೆಗೆಯುತ್ತಿದ್ದೆ. ಪುಸ್ತಕದ ಚಿತ್ರ ನಮ್ಮೂರಿಗೇ ಬಂದಿದೆ ಎಂದು ಒಳಗೊಳಗೇ ಖುಷಿಯಾಗಿತ್ತು.

"ಅದ್ಯಾಕಪ್ಪ ಬಾಟ್ಲೀಗೆ? ಕಾಲೇಜಲ್ಲಿ ಪಾನ್ಕ ಅಂಚೀಯಾ?" ಅಂದರು ಅತ್ತಿಗೆ.

"ಸೂಕ್ಷ್ಮದರ್ಶಕದಲ್ಲಿ ನೋಡಕ್ಕೆ ಅತ್ಗೆ."

"ನೋಡು, ನೋಡು. ಈ ಅಸ ಇದ ಕುಡುದ್ರೆ ಏನಾರ ಆದದಾ ಯೋಳು."

ಇಲ್ಲಿಯವರೆಗೆ ಎಲ್ಲ ಚೆನ್ನಾಗಿ ನೆನಪಿದೆ. ಇಂಥ ಪಾಚಿಯಲ್ಲಿ ಕೆಲವು ವಿಷ ಕಟ್ಟುತ್ತವೆ, ಕುಡಿದ ದನ ಸಾಯುವುದುಂಟು, ಯಾವುದರಲ್ಲಿ ವಿಷವಿದೆ ಎಂದು ಕಣ್ಣಲ್ಲಿ ನೋಡಿ ಹೇಳಲು ಬರುವುದಿಲ್ಲ: ಇದೆಲ್ಲ ನನಗೆ ಗೊತ್ತಿತ್ತು. ನಾನೇ ಪಾಠ ಮಾಡುತ್ತೇನೆ. ಏನೋ ಒಂದು ಅಂದು ಫೋಟೊ ಕಡೆಗೆ ತಿರುಗಿದೆ. ಹಸು ಮೂತಿಯಿಂದ ಪಾಚಿಯನ್ನು ಅತ್ತಿತ್ತ ಸರಿಸಿ ಕುಡಿಯಿತು.

ಸಂಜೆಗೆ ಹಸು ಮೇವು ಬಿಟ್ಟಿತು. ಕಾಲು ನಡುಗಿ ಕೊಟ್ಟಿಗೆಯಲ್ಲೇ ಕುಸಿಯಿತು. ದನದ ಡಾಕ್ಟರು ಬಂದು ಸೂಜಿ ಹಾಕಿ, ಪಾಚಿಯಿಂದಲೇ ಅಂತ ಈಗಲೇ ಹೇಳಕ್ಕಾಗಲ್ಲ ಅಂದರು. ಬೆಳಗಾಗುವಷ್ಟರಲ್ಲಿ ಅದು ಹೋಗಿತ್ತು. ತೆಂಗಿನ ಮರದ ಹತ್ತಿರ ಗುಂಡಿ ತೆಗೆದು, ಅರಿಶಿನ ಕುಂಕುಮ ಇಟ್ಟು ಮಣ್ಣು ಮಾಡಿದೆವು.

ಹಾಲು ಕರೆಯುವ ಹಸು ಸತ್ತ ಮನೆಗೆ ನಮ್ಮೂರಲ್ಲಿ ಜನ ಬಂದು ಸ್ವಲ್ಪ ಹೊತ್ತು ಕೂತು ಹೋಗುತ್ತಾರೆ. ಜಗಲಿ ತುಂಬಿತ್ತು. ನನ್ನ ಅಪ್ಪನ ದಾಯಾದಿ, ನಾನು ದೊಡ್ಡಪ್ಪ ಎಂದು ಕರೆಯುವವನು, ಕಾಫಿ ಲೋಟ ಕೆಳಗಿಟ್ಟು ಅತ್ತಿಗೆಯ ಕಡೆಗೆ ತಿರುಗಿದ.

"ಆ ಇಸಾನ ನೋಡ್ಕಂಡೂ ಕುಡುಸ್ದಲ್ಲವ್ವಾ, ಕಣ್ಣಿರ್ನಿಲ್ವಾ ನಿಂಗೆ?"

"ಸುಮ್ನೆ ಕುಡುಸ್ನಿಲ್ಲ ಮಾವ. ನಮ್ಮ ಮೈದ್ನುನ್ನ ಕೇಳ್ದೆ. ಏನಾಗಲ್ಲ ಅಂದ."

ಎಲ್ಲರೂ ನನ್ನನ್ನು ನೋಡಿದರು.

"ನಾನು ಹಾಗೆ ಹೇಳಲಿಲ್ಲ," ಅಂದೆ. "ಪರೀಕ್ಷೆ ಮಾಡಿಸಬೇಕು ಅಂತ ಹೇಳಿದ್ದೆ." ತರಗತಿಯ ಕನ್ನಡ ತಾನಾಗಿ ಬಂದಿತ್ತು.

ಅತ್ತಿಗೆ ಲೋಟಗಳನ್ನು ಒಂದರೊಳಗೊಂದು ಇಟ್ಟುಕೊಂಡು ಒಳಗೆ ಹೋದರು.

"ಎಣ್ಮಕ್ಕುಳ್ಗೆ ಅರ್ದ ಮಾತು ಕೇಳುಸ್ತದೆ, ಮಿಕ್ಕರ್ದ ಅವ್ರೇ ಸೇರುಸ್ಕತಾರೆ," ಅಂದ ದೊಡ್ಡಪ್ಪ. ಒಂದಿಬ್ಬರು ನಕ್ಕರು. ನಾನು ನಗಲಿಲ್ಲ ಎಂದು ನಂಬಿಕೊಂಡಿದ್ದೇನೆ.

ಬಂದವರು ಎದ್ದು ಹೋದ ಮೇಲೆ ಅವ್ವ ನನ್ನ ಪಕ್ಕಕ್ಕೆ ಬಂದು ಕೂತಳು. "ಅವ್ಳು ಅಂದಾಗ ಊಂ ಅಂದ್ಬುಟ್ಟಿದ್ರೆ ನಿನ್ ಗಂಟೇನ್ಲಾ ಓಗದು?"

"ನಂಗೆ ಹಂಗೆ ನೆನಪಿಲ್ವಲ್ಲವ್ವ."

"ನೆಪ್ಪಿಲ್ದಿದ್ರೆ ಸುಮ್ನಿರ್ಬೇಕಿತ್ತು. ಇಲ್ಲ ಅಂತ ಯಾಕಂದೆ?"

ಮಂಡ್ಯಕ್ಕೆ ವಾಪಸಾಗಿ ಆ ನೀರನ್ನು ಗಾಜಿನ ಮೇಲೆ ಹಾಕಿ ನೋಡಿದೆ. ವಿಷ ಕಟ್ಟಬಲ್ಲದೆಂದು ಅನುಮಾನವಿರುವ ಜಾತಿಯೇ. ವಿಷ ಇತ್ತೋ ಇಲ್ಲವೋ ಎಂದು ತೋರಿಸುವ ಪರೀಕ್ಷೆ ನಮ್ಮ ಕಾಲೇಜಿನಲ್ಲಿಲ್ಲ. ಅಂದರೆ, ನಾನು ಹೇಳಿದೆ ಎಂದು ನೆನಪಿಸಿಕೊಳ್ಳುವ ಆ ಪರೀಕ್ಷೆಯನ್ನು ನಾನು ಮಾಡಿಸುವಂತೆಯೇ ಇರಲಿಲ್ಲ.

ಊರಲ್ಲಿ ಮಾತು ಬೆಳೆಯಿತು. ಅತ್ತಿಗೆ ಉಳಿದ ಇನ್ನೊಂದು ಹಸುವಿನ ಹಾಲು ತೆಗೆದುಕೊಂಡು ಡೇರಿಗೆ ಹೋದರೆ, "ಅಸುರಾಲು ಬಂತು, ದಾರಿ ಬುಡ್ರವ್ವ" ಎಂದು, ಪಾಚಿಯ ಹಸಿರು ಹಾಲಿಗೂ ಇಳಿದಿದೆ ಅನ್ನುವ ಹಾಗೆ, ಹೆಂಗಸರು ಛೇಡಿಸುತ್ತಿದ್ದರಂತೆ. ಮೊದಮೊದಲು ಅದು ತಮಾಷೆ. ಆಮೇಲೆ ಅವರ ಹಾಲನ್ನು ಬೇರೆ ಇಡಿ ಎಂದು ಯಾರೋ ನಿಜವಾಗಿಯೇ ಕೇಳಿದರು. ಅಂದಿನಿಂದ ಅತ್ತಿಗೆ ಡೇರಿಗೆ ಹೋಗುವುದನ್ನು ಬಿಟ್ಟರು, ಅಣ್ಣ ಹಾಲು ಹಾಕಿ ಬರತೊಡಗಿದ. ಇದನ್ನು ಅಣ್ಣ ಫೋನಿನಲ್ಲಿ ಸಹಜವಾಗಿ ಹೇಳಿದ.

ಮುಂದಿನ ಸಲ ಹೋದಾಗ ಅರಳಿಕಟ್ಟೆಯಲ್ಲಿ ಊರವರು ಸೇರಿದ್ದರು. ಕೆರೆಗೆ ಮೈಲುತುತ್ತ ಹಾಕುವುದೆಂದು ತೀರ್ಮಾನವಾಗುತ್ತಿತ್ತು. ಬೆಳೆಯ ರೋಗಕ್ಕೆ ಸುಣ್ಣದ ಜೊತೆ ಬೆರೆಸಿ ಹೊಡೆಯುವ ಆ ನೀಲಿ ಹರಳು ಎಲ್ಲರಿಗೂ ಪರಿಚಿತ.

"ಗೋಣಿಚೀಲುಕ್ಕೆ ತುಂಬಿ, ತೆಪ್ಪುಕ್ಕೆ ಕಟ್ಟಿ ಕೆರೆಲೆಲ್ಲಾ ಎಳುದ್ರೆ ಆಯ್ತು," ಅಂದ ದೊಡ್ಡಪ್ಪ. "ನೀರು ಕನ್ನಡಿ ಆಯ್ತದೆ."

ಕನ್ನಡಿಯೇ ಅಪಾಯ ಎಂದು ನನಗೆ ಗೊತ್ತಿತ್ತು. ಎದ್ದು ನಿಂತು ಹೇಳಿದೆ: ಪಾಚಿಯನ್ನು ಒಟ್ಟಿಗೇ ಕೊಂದರೆ ಅದು ಒಡೆದು, ಒಳಗಿನ ವಿಷವೆಲ್ಲ ನೀರಿಗೆ ಬರುತ್ತದೆ. ನೀರು ತಿಳಿಯಾಗಿ ಕಾಣುತ್ತದೆ, ಜನ ನಂಬಿ ದನ ಇಳಿಸುತ್ತಾರೆ. ಕೊಳೆತ ಪಾಚಿಯಿಂದ ಉಸಿರು ಸಿಗದೆ ಮೀನೂ ಸಾಯುತ್ತವೆ. ಸದ್ಯಕ್ಕೆ ದನಗಳನ್ನು ನಾಲೆಗೆ ಹೊಡೆಯೋಣ. ಗೊಬ್ಬರ ಎರಚಿದ ಮೇಲೆ ಕೆಲವು ದಿನ ಗಂಡಿ ಕಟ್ಟಿ ನೀರನ್ನು ಗದ್ದೆಯಲ್ಲೇ ನಿಲ್ಲಿಸೋಣ. ಚರಂಡಿಯನ್ನು ಬೇರೆ ಕಡೆಗೆ ತಿರುಗಿಸೋಣ.

ನನ್ನ ಜೊತೆ ಸ್ಕೂಲಿಗೆ ಬಂದಿದ್ದ ಗೆಳೆಯ, ಈಗ ಕಬ್ಬು ಭತ್ತ ಬೆಳೆಯುವವನು, ಕೂತಲ್ಲಿಂದಲೇ ಕೇಳಿದ: "ಲೇ ಮೇಷ್ಟ್ರೇ, ಅಸ ಮೂತಿ ಇಟ್ಟಾಗ ಇದೆಲ್ಲಾ ಎಲ್ಲೋಗಿತ್ಲಾ? ಅವತ್ತು ಏನಾಗಲ್ಲ ಅಂದ್ಯೋ, ಪರೀಕ್ಸೆ ಅಂದ್ಯೋ, ಮೊದ್ಲು ಅದ ಯೋಳು. ಆಮೇಕೆ ಮೈಲುತುತ್ತದ ಮಾತು."

ಅತ್ತಿಗೆ ಕಟ್ಟೆಯ ಆಚೆ ನಲ್ಲಿಯ ಹತ್ತಿರ ಬಿಂದಿಗೆ ಇಟ್ಟುಕೊಂಡು ನಿಂತಿದ್ದರು. ನೀರು ತುಂಬಿ ಹೊರಗೆ ಹರಿಯುತ್ತಿತ್ತು. ಪ್ರಾಮಾಣಿಕ ಉತ್ತರ ಒಂದೇ: ಗೊತ್ತಿಲ್ಲ. ಆ ಉತ್ತರ ಕೊಟ್ಟರೆ ಅದರ ಭಾರ ನಲ್ಲಿಯ ಹತ್ತಿರ ನಿಂತವರ ಮೇಲೆ ಬೀಳುತ್ತಿತ್ತು. ಇಷ್ಟು ವರ್ಷ ನನ್ನ ಅನುಮಾನಗಳ ಭಾರವನ್ನು ಬೇರೆ ಯಾರ್ಯಾರು ಹೊತ್ತಿದ್ದಾರೋ ಎಂದು ಆಗ ಅನ್ನಿಸಿತು.

"ಏನಾಗಲ್ಲ ಅಂದೆ," ಎಂದೆ. "ಅತ್ಗೆ ಕೇಳಿದ್ರು. ಕುಡೀಲಿ ಬುಡಿ ಅಂದೋನು ನಾನೇ."

"ಮತ್ತೆ ಜಗ್ಲಿ ಮ್ಯಾಲೆ ಇಲ್ಲ ಅಂದಲ್ಲ?" ದೊಡ್ಡಪ್ಪ ಬಿಡಲಿಲ್ಲ.

"ಸುಳ್ಳು ಹೇಳ್ದೆ."

ದೊಡ್ಡಪ್ಪ ಟವಲು ಕೊಡವಿ ಹೆಗಲಿಗೆ ಹಾಕಿಕೊಂಡ. ಆಮೇಲೆ ಗೆಳೆಯನೇ, "ಸರಿ ಬುಡ್ರಲಾ, ಒಪ್ಕಂಡವ್ನೆ. ಮೈಲುತುತ್ತ ಎಲ್ಲೋದದು, ಅಂಗ್ಡೀಲೇ ಇರ್ತದೆ. ಇನ್ನೊಂದ್ ಅಸ ಸತ್ರೆ ಇವುನ್ನೇ ಗೋಣಿಚೀಲುಕ್ಕೆ ತುಂಬಿ ಎಳೆಯವ," ಅಂದ. ಜನ ನಕ್ಕು ಎದ್ದರು. ಕೆಲವರು ಗಂಡಿ ಕಟ್ಟಿದರು, ಕೆಲವರು ಕಟ್ಟಲಿಲ್ಲ. ಚರಂಡಿ ಹಾಗೇ ಇದೆ.

ಮನೆಯಲ್ಲಿ ಮೋಟರು ರಿಪೇರಿಯಾಗಿ ಬಂದಿತ್ತು. ಉಳಿದ ಹಸುವಿಗಾಗಿ ಅತ್ತಿಗೆ ತೊಟ್ಟಿಗೆ ನೀರು ಬಿಡುತ್ತಿದ್ದರು.

"ಕಟ್ಟೆ ಮ್ಯಾಲೆ ಅಂಗ್ಯಾಕಂದೆ?"

"ನೀವೇ ಹೇಳಿದ್ರಲ್ಲ ಅತ್ಗೆ, ನಾನಂಗಂದೆ ಅಂತ."

"ಯೋಳ್ದೆ. ಕಂಡೋರ್ಗೆಲ್ಲಾ ಯೋಳೀ ಯೋಳೀ, ಈಗ ನೀ ಏನಂದ್ಯೋ ನಂಗೂ ಸರ್ಯಾಗಿ ನೆಪ್ಪಿಲ್ಲ ಕಣಪ್ಪ." ಪೈಪನ್ನು ತೊಟ್ಟಿಯ ಇನ್ನೊಂದು ತುದಿಗೆ ಎಳೆದರು. "ನಾ ಕೇಳಿದ್ದು ನೆಪ್ಪೈತೆ."

ಅದು ನನಗೂ ನೆನಪಿತ್ತು. ಅದೊಂದರ ಬಗ್ಗೆ ನಮ್ಮಿಬ್ಬರಿಗೂ ಅನುಮಾನವಿರಲಿಲ್ಲ. ಅವತ್ತು 'ಬೇಡ' ಅನ್ನುವ ಒಂದೇ ಮಾತು ಸಾಕಾಗಿತ್ತು. ನಾನು ಏನೇ ಅಂದಿರಲಿ, ಅದನ್ನು ಅಂದಿರಲಿಲ್ಲ.

ಹಸು ಹಗ್ಗ ಜಗ್ಗುತ್ತಿತ್ತು. ಅತ್ತಿಗೆ ಅದನ್ನು ಹಿಡಿದುಕೊಂಡೇ ನನ್ನ ಮುಖ ನೋಡಿದರು.

"ಇದ ಕುಡುಸ್ಬೌದಾ?"

ಗೊಬ್ಬರ ನೆಲದೊಳಕ್ಕೂ ಇಳಿಯುತ್ತದೆ, ಬೋರಿನ ನೀರನ್ನೂ ನಂಬುವಂತಿಲ್ಲ ಎಂದು ಬಾಯಿಗೆ ಬಂತು. ಅವರು ಕಾಯುತ್ತಿದ್ದರು.

"ಕುಡ್ಸಿ," ಅಂದೆ. ಆಮೇಲೆ ಒಳಗೆ ಹೋಗಿ, ಆ ನೀರನ್ನು ಗೊಬ್ಬರದ ಅಂಶದ ಪರೀಕ್ಷೆಗೆ ಒಯ್ಯಲು ಬಾಟಲಿ ಹುಡುಕಿದೆ.