ಖಂಡ್ಯಾನ ದವಡೆ

ಆಷಾಢದ ಒಂದು ಮುಂಜಾನೆ ನನ್ನ ನಾಯಿ ಖಂಡ್ಯಾ ರೊಟ್ಟಿಯ ಚೂರನ್ನು ಬಾಯಿಗೆ ತೆಗೆದುಕೊಂಡು ಕೆಳಗೆ ಹಾಕಿತು. ಮತ್ತೆ ಎತ್ತಿಕೊಂಡಿತು. ಮತ್ತೆ ಹಾಕಿತು. ಸೊಕ್ಕು ಬಂದಿದೆ ಎಂದು ನಾನು ನಕ್ಕೆ.

ಮೂರನೆಯ ದಿನ ಅದರ ಬಾಯಿಯ ವಾಸನೆ ಕೋಣೆಯನ್ನೆಲ್ಲ ತುಂಬಿತು.

ಆಗ ನಾನು ಬೆಳಗಾವಿಯಲ್ಲಿ ವಕೀಲರೊಬ್ಬರ ಕೈಕೆಳಗೆ ಕಾಗದಪತ್ರ ಬರೆಯುತ್ತ ವಕೀಲಿ ಪರೀಕ್ಷೆಗೆ ಓದುತ್ತಿದ್ದೆ. ಧಾರವಾಡದ ಕಾಲೇಜಿನಲ್ಲಿ ನಾಲ್ಕು ವರ್ಷ ವಾದಸಭೆಯಲ್ಲಿ ನಿಂತವನು. ದೇವರಿರಲಿ, ಜಾತಕವಿರಲಿ, ಪುರಾವೆ ಎಲ್ಲಿದೆ ಎಂದು ಕೇಳದೆ ಬಿಟ್ಟವನಲ್ಲ. ಆದರೆ ಐದು ವರ್ಷ ನನ್ನ ಜೊತೆಗೇ ಉಂಡು ಮಲಗಿದ ನಾಯಿಯ ಬಾಯಿಯೊಳಗೆ ಒಮ್ಮೆಯೂ ನೋಡಿರಲಿಲ್ಲ.

ದಂಡಿನ ಕ್ಯಾಂಪಿನ ಕಡೆಯ ದನದ ದವಾಖಾನೆಗೆ ಒಯ್ದೆ. ಡಾಕ್ಟರು ತುಟಿ ಎತ್ತಿ ತೋರಿಸಿದರು. ಹಲ್ಲಿನ ಬುಡಕ್ಕೆಲ್ಲ ಕಂದು ಬಣ್ಣದ ಕಲ್ಲು ಕಟ್ಟಿತ್ತು. ಟಾರ್ಟರ್ ಅಂದರು. ಏನು ತಿನ್ನಿಸುತ್ತೀರಿ ಎಂದು ಕೇಳಿದರು. ನಮ್ಮದು ಜೈನರ ಮನೆ, ನಾಯಿಗೂ ಎಲುಬಿಲ್ಲ. ಹಾಲಿನಲ್ಲಿ ನೆನೆಸಿದ ರೊಟ್ಟಿ, ಹಬ್ಬವಿದ್ದರೆ ಹೋಳಿಗೆ, ದಿನಾ ಒಂದು ತುಂಡು ಬೆಲ್ಲ. ಎಲುಬು ಬೇಡವಾದರೆ ಬೇಡ, ದಿನಾಲೂ ಉಪ್ಪುನೀರಿನ ಅರಿವೆಯಿಂದ ಹಲ್ಲು ತಿಕ್ಕಬೇಕಿತ್ತು, ಬೆಲ್ಲ ಬಿಡಬೇಕಿತ್ತು ಎಂದರು.

"ಮ್ಯಾಲಿನ ದೊಡ್ಡ ಹಲ್ಲು ಸೀಳೈತಿ. ಬೇರಿನ್ಯಾಗ ಅಬ್ಸೆಸ್, ಅಂದ್ರ ಕೀವಿನ ಗಂಟು, ಶುರು ಆಗೇತಿ. ಕ್ಲೋರೋಫಾರ್ಮ್ ಬರೂದೈತಿ, ಬುಧವಾರ ತರ್ರಿ, ತಗದುಬಿಡೂಣು. ತಡಾ ಮಾಡಿದ್ರ ಕಣ್ಣಿಗೆ ಹೋಗತೈತಿ."

ಸೋಮವಾರ ನಾನು ಮುಂಬಯಿಗೆ ಹೊರಡಬೇಕಿತ್ತು. ಅಲ್ಲಿ ಒಂದೂವರೆ ತಿಂಗಳ ಕ್ಲಾಸು, ಆಮೇಲೆ ಪರೀಕ್ಷೆ. ಎರಡು ದಿನ ತಡೆದು ಹೋಗಬಹುದಿತ್ತು. ತಡೆಯಲಿಲ್ಲ. ಇದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ರೈಲಿನಲ್ಲಿ ಖಾನಾಪುರಕ್ಕೆ ಹೋಗಿ ಪಾಯಪ್ಪ ಮಾವನ ಕೈಗೆ ನಾಯಿಯ ಹಗ್ಗ ಕೊಟ್ಟೆ. ಮಾವ ನನ್ನ ತಾಯಿಯ ತಮ್ಮ. ತಂದೆ ತೀರಿದ ಮೇಲೆ ನನ್ನನ್ನು ಸಾಕಿ ಓದಿಸಿದವರು. ಅವರ ಬಾಯಿಂದ ಸುಳ್ಳು ಬಂದದ್ದನ್ನು ಖಾನಾಪುರದ ಪೇಟೆಯಲ್ಲಿ ಯಾರೂ ಕೇಳಿರಲಿಲ್ಲ. ಬುಧವಾರ ತಪ್ಪದೆ ಬೆಳಗಾವಿಗೆ ಒಯ್ಯುತ್ತೇನೆ ಎಂದರು.

ಮುಂಬಯಿಗೆ ಮಾವನ ಮೂರು ಅಂಚೆ ಕಾರ್ಡು ಬಂದವು. ಮೊದಲನೆಯದರಲ್ಲಿ, ಹಲ್ಲು ತೆಗೆಸಿದೆ, ನಾಯಿ ಆರಾಮವಿದೆ, ನೀನು ಓದು ಎಂದಿತ್ತು. ಉಳಿದ ಎರಡರಲ್ಲೂ ಹೆಚ್ಚುಕಡಿಮೆ ಅದೇ. ಪುರಾವೆ ಕೇಳುವವನು ನಾನು, ಮಾವನ ಅಕ್ಷರ ಕಂಡೊಡನೆ ತೃಪ್ತನಾದೆ.

ಭಾದ್ರಪದದ ಮೊದಲಲ್ಲಿ ಖಾನಾಪುರದ ಸ್ಟೇಶನ್ನಿನಲ್ಲಿ ಇಳಿದು ಮನೆಗೆ ಬಂದೆ. ಖಂಡ್ಯಾ ಓಡಿ ಬಂದು ನನ್ನ ಕಾಲಿಗೆ ಬಾಲ ಬಡಿಯಿತು. ಬಲಗಣ್ಣಿನ ಕೆಳಗೆ ಒಂದು ತೂತು. ಅದರಿಂದ ಕೀವು ಇಳಿಯುತ್ತಿತ್ತು. ತುಟಿ ಎತ್ತಿದೆ.

ಹಲ್ಲು ಅಲ್ಲೇ ಇತ್ತು.

ಮಾವ ಪಡಸಾಲೆಯಲ್ಲಿ ಕುಳಿತಿದ್ದರು. ಸುತ್ತಿ ಬಳಸಿ ಹೇಳಲಿಲ್ಲ. ನಾನು ಹೋದ ಮರುದಿನವೇ ಚಾತುರ್ಮಾಸ ಶುರುವಾಗಿತ್ತಂತೆ, ಬಸದಿಯಲ್ಲಿ ವ್ರತ ಹಿಡಿದಿದ್ದರಂತೆ. ಕಾರ್ತಿಕದವರೆಗೆ ತಾವು ಮಾಡಿದ್ದರಿಂದಾಗಲಿ ಮಾಡಿಸಿದ್ದರಿಂದಾಗಲಿ ಯಾವ ಜೀವದ ರಕ್ತವೂ ಬೀಳಬಾರದು. ಬುಧವಾರ ನಾಯಿಯನ್ನು ಹಿಡಿದುಕೊಂಡು ಸ್ಟೇಶನ್ನಿನವರೆಗೆ ಹೋಗಿದ್ದರು. ಅಲ್ಲಿಂದ ತಿರುಗಿ ಬಂದಿದ್ದರು.

"ಹಂಗಾರ ಸತ್ಯದ ವ್ರತ ಬಿಡಾಕ ಯಾರ ಅಪ್ಪಣಿ ಸಿಕ್ತು, ಮಾವಾ?"

"ಖರೇ ಬರದಿದ್ರ ನೀ ಪರೀಕ್ಷಾ ಬಿಟ್ಟು ಓಡಿ ಬರ್ತಿದ್ದಿ."

"ಬರ್ತಿದ್ದೆ. ಅದನ್ನ ನಿರ್ಣಯ ಮಾಡಾಂವ ನಾನೋ, ನೀವೋ?"

ನಾನು ಬಿಡಲಿಲ್ಲ. ಹಲ್ಲು ಕಿತ್ತರೆ ಹಿಂಸೆ, ಕೊಳೆಯಲು ಬಿಟ್ಟರೆ ಅಹಿಂಸೆಯೇ ಎಂದೆ. ಮಾವ ಕರ್ಮದ ಮಾತು ತಂದರು. ಯಾರ ಕರ್ಮ, ನಾಯಿಯದೋ ನಿಮ್ಮದೋ ಎಂದೆ. ಅತ್ತೆ ಒಳಗಿನಿಂದ ಬಂದು ನಡುವೆ ನಿಂತರು.

"ಇಬ್ಬರೂ ಕೂಡಿ ಕಾರ್ತಿಕದ ತನಕಾ ವಾದ ಮಾಡ್ರಿ. ಅದರ ರೊಟ್ಟಿ ಒರಳಾಗ ಕುಟ್ಟಿ, ಅಂಬಲಿ ಮಾಡಿ ಹಾಕಾಕಿ ನಾ ಅದೀನಲ್ಲ."

ಅತ್ತೆಗೂ ಗೊತ್ತಿತ್ತು. ಅವರೂ ಹೇಳಿ ಕಳಿಸಿರಲಿಲ್ಲ. ನಾಯಿಯೂ ಅಷ್ಟೇ, ದವಡೆ ಕೊಳೆಯುತ್ತಿದ್ದರೂ ಬಾಲ ಆಡಿಸಿ ಎಲ್ಲ ಆರಾಮವೆಂದು ಸಾಕ್ಷಿ ಹೇಳಿತ್ತು. ಆ ಮನೆಯಲ್ಲಿ ನನಗೆ ನಿಜ ಹೇಳಿದ್ದು ಆ ತೂತೊಂದೇ.

ನಾಯಿಯನ್ನು ಕರೆದುಕೊಂಡು ಮಧ್ಯಾಹ್ನದ ಬೆಳಗಾವಿ ರೈಲಿಗೆ ಹೊರಟೆ. ಕರೆಯದೆಯೇ ಮಾವ ಜೊತೆಗೆ ಬಂದರು. ದವಾಖಾನೆಯಲ್ಲಿ ಡಾಕ್ಟರು ಬಹಳ ಹೊತ್ತು ನೋಡಿದರು. ಒಂದು ಹಲ್ಲಿನಿಂದ ಮುಗಿಯಬೇಕಾದದ್ದು ನಾಲ್ಕಕ್ಕೆ ಬಂದಿದೆ, ಎಲುಬೂ ಕೊಳೆತಿದೆ, ಕಣ್ಣಿನ ವಿಷಯ ನಾನು ಮಾತು ಕೊಡಲಾರೆ ಎಂದರು. ನಾಯಿ ಸೋತಿದ್ದರಿಂದ ಕ್ಲೋರೋಫಾರ್ಮ್ ಹೆಚ್ಚು ಕೊಡುವ ಧೈರ್ಯ ಅವರಿಗಿರಲಿಲ್ಲ. ಅರ್ಧ ಎಚ್ಚರದಲ್ಲೇ ಕಿತ್ತರು. ದವಡೆ ಅಗಲಿಸಿ ಹಿಡಿದವನು ನಾನು. ಅದು ನನ್ನನ್ನೇ ನೋಡುತ್ತಿತ್ತು.

ಮಾವ ಹೊರಗೆ ಬಾಗಿಲಿಗೆ ಬೆನ್ನು ಮಾಡಿ ಕುಳಿತಿದ್ದರು. ಮುಗಿಯುವಷ್ಟರಲ್ಲಿ ಹೊತ್ತು ಮುಳುಗಿತ್ತು. ಹೊತ್ತು ಮುಳುಗಿದ ಮೇಲೆ ಅವರು ಉಣ್ಣುವವರಲ್ಲ, ಹೀಗಾಗಿ ಅಂದು ಉಪವಾಸವೇ ಆಯಿತು. ನನಗೆ ಕನಿಕರ ಬರಲೆಂದು ಕಾದೆ. ಬರಲಿಲ್ಲ.

ಎಂಟನೆಯ ದಿನ ಕಣ್ಣು ಹೋಯಿತು.

ಗಾಯವನ್ನು ದಿನಕ್ಕೆ ಎರಡು ಸಲ ಉಪ್ಪುನೀರಿನಿಂದ ತೊಳೆಯಬೇಕು, ಇಲ್ಲವಾದರೆ ಸೆಪ್ಟಿಕ್ ಆಗಿ ಜೀವಕ್ಕೇ ಬರುತ್ತದೆ ಎಂದು ಡಾಕ್ಟರು ಹೇಳಿದ್ದರು. ಬೆಳಗಾವಿಯ ಕೋಣೆಯಲ್ಲಿ ನಾನು ಅರಿವೆ ಹಿಡಿದು ಹತ್ತಿರ ಹೋದರೆ ಖಂಡ್ಯಾ ಗೋಡೆಗೆ ಒತ್ತಿಕೊಂಡು ಗುರ್ರೆನ್ನುತ್ತಿತ್ತು. ಅದರ ಲೆಕ್ಕದಲ್ಲಿ ನೋವು ಕೊಟ್ಟವನು ನಾನು. ವಂಚಿಸಿದವರಲ್ಲ, ಹಿಡಿದವನು. ಹೊತ್ತಿಗೊಮ್ಮೆ ಸೆಣಸಾಡಿ ಅಷ್ಟೋ ಇಷ್ಟೋ ತೊಳೆಯುತ್ತಿದ್ದೆ. ಕೀವು ಮತ್ತೆ ಕಾಣಿಸಿಕೊಂಡಿತು. ಅಷ್ಟು ದಿನ ಮಾವನ ಜೊತೆಗಿದ್ದ ಅದು ಬಾಯಿ ಬಿಡುವುದು ಯಾರ ಮುಂದೆ ಎಂಬುದು ನನಗೆ ಗೊತ್ತಿತ್ತು. ಸುಳ್ಳು ಬರೆದ ಕೈಗೇ ಮತ್ತೆ ಆ ಜೀವ ಒಪ್ಪಿಸುವುದು ಹೇಗೆ?

ಅಷ್ಟರಲ್ಲಿ ಕ್ಷಮಾವಾಣಿಯ ದಿನ ಬಂತು. ದಶಲಕ್ಷಣ ಪರ್ವ ಮುಗಿದ ಮೇಲೆ ನಮ್ಮವರು ಒಬ್ಬರಿಗೊಬ್ಬರು ಕೈಮುಗಿದು ಕ್ಷಮೆ ಕೇಳುವ ದಿನ. ಮಾವ ರೈಲಿನಲ್ಲಿ ಬಂದು ನನ್ನ ಕೋಣೆಯ ಹೊಸ್ತಿಲಲ್ಲಿ ನಿಂತರು. ತಿಳಿದೋ ತಿಳಿಯದೆಯೋ ಆದ ತಪ್ಪಿಗೆ ಕ್ಷಮೆ ಇರಲಿ ಎಂದರು.

"ಯಾವ ತಪ್ಪಿಗೆ? ಹೆಸರ ಹೇಳಿ ಕೇಳ್ರಿ."

ಮಾವ ಮುಗಿದ ಕೈ ಕೆಳಗಿಳಿಸಿದರು. "ಮೂರು ಕಾರ್ಡಿಂದು."

"ಹಲ್ಲಿಂದು?"

"ಹಲ್ಲಿಂದು ತಪ್ಪಂತ ನನಗ ಇನ್ನೂ ಅನ್ನಿಸವಲ್ದು, ಪದ್ಮಣ್ಣ. ಅನ್ನಿಸೈತಿ ಅಂತ ಮತ್ತ ಸುಳ್ಳ ಹೇಳ್ಲೇನು?"

ಕ್ಷಮೆಗೆಂದೇ ಬಂದವರು ಕ್ಷಮೆ ಸಿಗದಂಥ ಮಾತನ್ನು ನನ್ನ ಮುಖಕ್ಕೇ ಹೇಳಿದ್ದರು. ಮೂರು ಕಾರ್ಡಿಗೆ ನಾನು ಅಂದೇ ಕ್ಷಮಿಸಿದೆ. ಹಲ್ಲಿಗೆ ಇನ್ನೂ ಕ್ಷಮಿಸಿಲ್ಲ. ಎರಡನ್ನೂ ಒಟ್ಟಿಗೆ ಇಟ್ಟುಕೊಂಡು ಬಾಳಬಹುದೆಂದು ಈಗೀಗ ತಿಳಿಯುತ್ತಿದೆ.

ಒಳಗೆ ಬರ್ರಿ ಎಂದು ಅರಿವೆಯನ್ನು ಅವರ ಕೈಗೆ ಕೊಟ್ಟೆ.

ಮಾವ ನೆಲಕ್ಕೆ ಕುಳಿತರು. ಖಂಡ್ಯಾ ಗೋಡೆ ಬಿಟ್ಟು ಬಂದು ಅವರ ತೊಡೆಯ ಮೇಲೆ ಗದ್ದ ಇಟ್ಟು ಬಾಯಿ ತೆರೆಯಿತು. ಅವರು ಹಗುರವಾಗಿ ಒಸಡು ಒರೆಸಿದರು. ಅರಿವೆ ಕೆಂಪಾಯಿತು. ಮಾವನ ಕೈ ನಿಂತಿತು. ಕಾರ್ತಿಕ ಇನ್ನೂ ದೂರವಿತ್ತು. ಅವರು ಅರಿವೆಯನ್ನು ಹಿಂಡಿ, ಮತ್ತೆ ಉಪ್ಪುನೀರಿನಲ್ಲಿ ಅದ್ದಿದರು.

ಕೀವು ನಿಂತು ಇವತ್ತಿಗೆ ಒಂಬತ್ತು ದಿನ.