ತುಂಬುವ ಮೊದಲಿನ ಸದ್ದು

ಅವ್ವ ಧಾರವಾಡದಿಂದ ಬಂದ ಮೊದಲ ವಾರವೇ ನಮ್ಮ ಹ್ಯೂಸ್ಟನ್ ಮನೆಯಲ್ಲಿ ನೀರಿನ ಜಗಳ ಶುರುವಾಯಿತು. ಬೆಳಗ್ಗೆ ಎದ್ದು ನೋಡಿದರೆ ಅತಿಥಿಗಳ ಬಚ್ಚಲಿನಲ್ಲಿ ಪಾತ್ರೆಗಳ ಸಾಲು. ಪಾಯಸದ ದೊಡ್ಡ ಪಾತ್ರೆ, ಇಡ್ಲಿ ಹಿಟ್ಟಿನ ಡಬರಿ, ಹಿತ್ತಲಿನ ಮೆಣಸಿನ ಗಿಡಕ್ಕೆಂದು ತಂದಿಟ್ಟಿದ್ದ ಬಕೆಟ್ಟುಗಳು, ಎಲ್ಲದರಲ್ಲೂ ಕಂಠಮಟ್ಟ ನೀರು. ಎಲ್ಲದರ ಮೇಲೂ ಒಂದೊಂದು ತಟ್ಟೆ.

"ಅವ್ವಾ, ಇಲ್ಲೆ ನಳ ಬಂದ್ ಆಗೂದಿಲ್ಲ" ಎಂದೆ.

"ಇರ್ಲಿ ಬಿಡು. ತುಂಬಿಟ್ಟ ನೀರು ನಿನಗೇನ್ ಅನ್ನ ಬೇಡತದೇನು?"

ನನಗೆ ಸಿಟ್ಟು ಬೇಗ ಬರುತ್ತದೆ, ಅದರಲ್ಲೂ ನೀರಿನ ವಿಷಯಕ್ಕೆ. ನಮ್ಮೂರಿನಲ್ಲಿ ನಳ ಬರುವ ದಿನವೆಂದರೆ ಮನೆಮಂದಿಗೆಲ್ಲ ಬೇರೆ ಕೆಲಸವಿಲ್ಲ. ಆ ದಿನ ಶಾಲೆಗೆ ತಡವಾಗಿ ಹೋದರೆ ಮಾಸ್ತರರೂ ಬೈಯುತ್ತಿರಲಿಲ್ಲ, ಅವರ ಮನೆಯಲ್ಲೂ ಅದೇ ಪಾಡು. ಕೊಡ ಹೊತ್ತು ಹೊತ್ತು ನನ್ನ ಬಲಭುಜ ಇಂದಿಗೂ ಎಡಭುಜಕ್ಕಿಂತ ತುಸು ಕೆಳಗಿದೆ ಎಂದು ನಾನು ನಂಬಿದ್ದೇನೆ. ಸಮುದ್ರ ದಾಟಿ ಬಂದು ಕ್ಲಿಯರ್ ಲೇಕ್ ಬಡಾವಣೆಯಲ್ಲಿ, ಹಿತ್ತಲಿಗೆ ಕೆರೆಯ ನೀರು ತಾಗುವಂಥ ಮನೆ ಮಾಡಿದವಳ ಬಚ್ಚಲಿನಲ್ಲಿ ಮತ್ತೆ ಅದೇ ಸಾಲು ಬಂದು ಕೂತರೆ ಹೇಗಾಗಬೇಕು? ಮೈಸೂರಿನವರಾದ ನನ್ನ ಗಂಡನಿಗೆ ಇದೆಲ್ಲ ತಮಾಷೆ. "ನಿಮ್ಮಮ್ಮ ಇರೋವರ್ಗೂ ನಮ್ಮನೇಲಿ ಬರಗಾಲ ಬರಲ್ಲ ಬಿಡು" ಎಂದು ಆ ಪಾತ್ರೆಗಳನ್ನು ದಾಟಿಕೊಂಡು ಸ್ನಾನಕ್ಕೆ ಹೋಗುತ್ತಿದ್ದರು.

ನಮ್ಮ ಪಕ್ಕದ ಮನೆಯಲ್ಲಿ ಒಬ್ಬಾಕೆ ಇದ್ದರು. ಎಪ್ಪತ್ತು ದಾಟಿದವರು, ಹತ್ತಿರದ ಬಾಹ್ಯಾಕಾಶ ಕೇಂದ್ರದಲ್ಲಿ ಇಂಜಿನಿಯರ್ ಆಗಿ ನಿವೃತ್ತರಾದವರು. ಮೆಕ್ಸಿಕೋದಲ್ಲಿ ಗುಡ್ಡಗಳ ನಡುವೆ ಒಂದು ದೊಡ್ಡ ಕೆರೆ, ಅದರ ದಂಡೆಯಲ್ಲಿ ಒಂದು ಊರು. ಟೆಕ್ಸಾಸಿನಿಂದ ನಿವೃತ್ತರಾದ ಎಷ್ಟೋ ಜನ ಅಲ್ಲಿಗೆ ಹೋಗಿ ನೆಲೆಸಿದ್ದಾರೆ. ಈಕೆಯೂ ಗಂಡನೂ ಕೂಡಿ ಅಲ್ಲೊಂದು ಪುಟ್ಟ ಮನೆ ನೋಡಿಟ್ಟಿದ್ದರು. ಹೋಗುವ ಮೊದಲೇ ಗಂಡ ತೀರಿಕೊಂಡರು. ಆಕೆ ಒಬ್ಬರೇ ಹೋದರು, ತಿಂಗಳು ತುಂಬುವುದರೊಳಗೆ ಕುಂಟುತ್ತ ವಾಪಸು ಬಂದರು.

ಆಗಿದ್ದಿಷ್ಟು. ಅಲ್ಲಿನ ಮನೆಗಳಿಗೆ ನೆಲದಡಿ ಒಂದು ಸಂಪು, ಮಾಳಿಗೆಯ ಮೇಲೊಂದು ಟ್ಯಾಂಕು. ಮೋಟಾರು ಹಾಕಿ ನೀರು ಏರಿಸಬೇಕು, ತುಂಬಿದಾಗ ಆರಿಸಬೇಕು. ಒಂದು ದಿನ ಈಕೆಯ ತಲೆಯಲ್ಲಿ ಶಾಂಪೂ ಇರುವಾಗಲೇ ನೀರು ನಿಂತಿತು. ಇನ್ನೊಂದು ದಿನ ಒಲೆಯ ಮೇಲೆ ಅಡುಗೆ ಅರ್ಧ ಬೆಂದಾಗ ಸಿಲಿಂಡರ್ ಖಾಲಿ. ಮೂರನೆಯ ಸಲ ಟ್ಯಾಂಕು ಉಕ್ಕಿ ಪಕ್ಕದ ಮನೆಯ ಗೋಡೆಯ ಮೇಲೆ ಸುರಿಯತೊಡಗಿತು. ಮೋಟಾರು ಆರಿಸಲು ಗಾಬರಿಯಲ್ಲಿ ಓಡಿದವರು ಒದ್ದೆ ಮೆಟ್ಟಿಲಲ್ಲಿ ಜಾರಿ ಬಿದ್ದರು, ಮೊಣಕಾಲು ಮುರಿಯುವುದೊಂದು ಬಾಕಿ. ಡಲ್ಲಾಸ್ ಕಡೆ ಪ್ರಾಸ್ಪರಿನಲ್ಲಿರುವ ಮಗಳು ಹೋಗಿ ಕರೆತಂದಳು. ಅವಳದು ಒಂದೇ ಮಾತು: ಬೇಕಿದ್ದರೆ ಇನ್ನೊಂದು ಸಲ ಹೋಗಿ ನೋಡು, ಇನ್ನೊಮ್ಮೆ ಬಿದ್ದರೆ ನನ್ನ ಮನೆಯ ಕೆಳಗಿನ ಕೋಣೆ, ಮತ್ತೆ ಮಾತಿಲ್ಲ. ಕೋಣೆಗೆ ಪರದೆಯನ್ನೂ ಹಾಕಿಸಿಯಾಗಿತ್ತು. ಮಗಳು ಕೆಟ್ಟವಳಲ್ಲ. ಆದರೆ ಈಕೆಗೆ ಆ ಕೋಣೆಯ ಮಾತು ಬಂದರೆ ಮುಖ ಬಾಡುತ್ತಿತ್ತು. ಇಡೀ ಆಯುಷ್ಯ ತನ್ನ ಕೆಲಸ ತಾನೇ ಮಾಡಿಕೊಂಡವರು.

ಹೀಗಿರುವಾಗ ಒಂದು ಶನಿವಾರ ಬೆಳಗ್ಗೆ ರಸ್ತೆ ಅಗೆಯುವವರು ನೀರಿನ ಕೊಳವೆ ಒಡೆದರು. ಇಡೀ ಬೀದಿಯ ನಳಗಳು ಒಣಗಿದವು. ನನ್ನ ಗಂಡ ಅಂಗಡಿಗೆ ಡ್ರೈವ್ ಮಾಡಿಕೊಂಡು ಹೋಗಿ ಬರಿಗೈಯಲ್ಲಿ ಬಂದರು, ಬಾಟಲಿ ನೀರೆಲ್ಲ ಆಗಲೇ ಖರ್ಚಾಗಿತ್ತು. ಅವ್ವ ಬಚ್ಚಲಿಗೆ ಹೋಗಿ ಒಂದು ಪಾತ್ರೆಯ ತಟ್ಟೆ ತೆಗೆದು ಚಹಾಕ್ಕೆ ನೀರಿಟ್ಟಳು.

ನಿಮ್ಮ ಮನೆಯಲ್ಲೂ ನೀರಿಲ್ಲವೇ ಎಂದು ಕೇಳಲು ಪಕ್ಕದ ಮನೆಯಾಕೆ ಬಂದರು. ನಾನು ಬಚ್ಚಲು ತೋರಿಸಿದೆ. ಆಕೆ ಬಾಗಿಲಲ್ಲೇ ನಿಂತುಬಿಟ್ಟರು. ಆಮೇಲೆ ಬಗ್ಗಿ ಒಂದೊಂದೇ ತಟ್ಟೆ ಎತ್ತಿ ನೋಡಿದರು, ಮತ್ತೆ ಹಾಗೆಯೇ ಮುಚ್ಚಿದರು. ಇದನ್ನು ನಿಮ್ಮ ತಾಯಿಗೆ ಕಲಿಸಿದವರು ಯಾರು ಎಂದು ಕೇಳಿದರು. ನಾನು ನಕ್ಕು ಅವ್ವನಿಗೆ ಅದನ್ನೂ, ಮೆಕ್ಸಿಕೋದ ಕಥೆಯನ್ನೂ ಹೇಳಿದೆ.

"ಸಂಪು ಕೆಳಗ, ಟ್ಯಾಂಕು ಮ್ಯಾಲ. ಇಷ್ಟ ಹೌದಲ್ಲೊ?" ಎಂದಳು ಅವ್ವ. "ನಮ್ಮ ಮನಿನ ಆತಲ್ಲ ಅದು. ನಾಳಿಂದ ಬರ್ರಿ ಅಂತ ಹೇಳು ಆ ಅಕ್ಕಾರಿಗೆ."

ಪಾಠ ಶುರುವಾಯಿತು. ನಡುವೆ ದುಭಾಷಿ ನಾನು. ನನಗೆ ಇದರಲ್ಲಿ ನಂಬಿಕೆ ಇರಲಿಲ್ಲ, ಹೊತ್ತು ಹೋಗಲೆಂದು ಒಪ್ಪಿಕೊಂಡೆ. ಅಲ್ಲಿಗೆ ಹೋದವರು ಬರೆದುಕೊಳ್ಳುವ ಸಲಹೆಗಳನ್ನೆಲ್ಲ ಆಕೆ ಇಂಟರ್ನೆಟ್ಟಿನಲ್ಲಿ ಆಗಲೇ ಓದಿದ್ದರು: ಸೊಪ್ಪನ್ನು ಕ್ರಿಮಿ ಸಾಯುವ ಔಷಧಿ ಹಾಕಿದ ನೀರಿನಲ್ಲಿ ನೆನೆಸಿ, ಬೂಟು ಕೊಡವಿ ಹಾಕಿಕೊಳ್ಳಿ, ಒಳಗೆ ಚೇಳಿರಬಹುದು, ಅಂಗಡಿಗೆ ಕಾಲಿಟ್ಟ ಕೂಡಲೇ ಮೊದಲು ನಮಸ್ಕಾರ ಹೇಳಿ. ಅವ್ವ ಪ್ರತಿಯೊಂದಕ್ಕೂ ತಲೆಯಾಡಿಸಿದಳು. "ಅದ ಮತ್ತ. ಆರಾಮ ಅದೀರೇನ್ರಿ ಅನ್ನದ ಸೀದಾ ಸಾಮಾನ ಕೇಳಿದ್ರ ಯಾರ್ ಕೊಡ್ತಾರ? ಸಿಲಿಂಡರ್ ತರಾವ್ಗೂ ಮದ್ಲ ನೀರು ಕೊಡ್ರಿ. ಮುಂದಿನ ಸಲ ಕರೀದ ಬರ್ತಾನ." ನಾನು ಅದನ್ನು ಇಂಗ್ಲಿಷಿಗೆ ತಿರುಗಿಸುತ್ತ, ಮರೆತೇಹೋಗಿದ್ದ ನಮ್ಮ ಓಣಿಯನ್ನು ನೆನೆಸಿಕೊಂಡೆ.

ಸಿಲಿಂಡರಿನ ಪಾಠ ನಮ್ಮ ಹಿತ್ತಲಿನಲ್ಲಿ ನಡೆಯಿತು. ಗ್ರಿಲ್ಲಿಗೆ ಹಚ್ಚುವ ಪುಟ್ಟ ಸಿಲಿಂಡರನ್ನು ಬಿಸಿಲಿಗೆ ಇಡಿಸಿ ಅವ್ವ ಒದ್ದೆ ಬಟ್ಟೆಯಿಂದ ಮೇಲಿಂದ ಕೆಳಗೆ ಒರೆಸಿದಳು. ಸ್ವಲ್ಪ ಹೊತ್ತಿಗೆ ಮೇಲಿನ ಭಾಗ ಆರಿತು, ಕೆಳಗೆ ಒದ್ದೆ ಹಾಗೇ ಉಳಿಯಿತು. ನಡುವೆ ಗೆರೆ ಎಳೆದಂತೆ ಕಂಡಿತು. "ಹಸಿ ಇರೂತನ ಗ್ಯಾಸು" ಎಂದಳು. ಏಕೆ ಎಂದು ಅವಳಿಗೆ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಪಕ್ಕದ ಮನೆಯಾಕೆ ನೆಲದ ಮೇಲೆ ಕೂತು ಆ ಗೆರೆಯನ್ನು ಬೆರಳಿನಿಂದ ಮುಟ್ಟಿ ನೋಡಿದರು. ಒಳಗೆ ದ್ರವವಿರುವಷ್ಟು ಭಾಗ ತಣ್ಣಗಿರುತ್ತದೆ, ಅದಕ್ಕೇ ಅಲ್ಲಿ ನೀರು ಬೇಗ ಆರುವುದಿಲ್ಲ ಎಂದು ವಿವರಿಸಿದರು. ಆಮೇಲೆ ತಮ್ಮ ಕೆಲಸದ ಬಗ್ಗೆ ಹೇಳಿದರು. ಬಾಹ್ಯಾಕಾಶದಲ್ಲಿ ಟ್ಯಾಂಕಿನೊಳಗೆ ಇಂಧನ ಎಷ್ಟು ಉಳಿದಿದೆ ಎಂದು ತಿಳಿಯುವುದೇ ಬಲು ಕಷ್ಟ, ಏಕೆಂದರೆ ಅಲ್ಲಿ ಅದು ತಳದಲ್ಲಿ ನಿಲ್ಲುವುದಿಲ್ಲ.

ನಾನು ಹೇಳಿದ್ದನ್ನು ಕೇಳಿ ಅವ್ವ ಬಟ್ಟೆ ಕೆಳಗಿಟ್ಟಳು.

"ಏನಂದಿ? ತಳಾನ ಇಲ್ಲಾ?"

"ಇಲ್ಲವ್ವ. ಮ್ಯಾಲ ಕೆಳಗ ಅನ್ನೂದ ಇಲ್ಲ ಅಲ್ಲೆ. ನೀರಾಗ್ಲಿ ಎಣ್ಣಿ ಆಗ್ಲಿ, ಉಂಡಿ ಆಗಿ ತೇಲತಾವ."

ಅವ್ವ ಹಣೆಗೆ ಕೈ ಅಡ್ಡ ಹಿಡಿದು ಮೇಲೆ ನೋಡಿದಳು. ಟೆಕ್ಸಾಸಿನ ಆ ಬಿಳಿ ಮಧ್ಯಾಹ್ನದ ಆಕಾಶದಲ್ಲಿ ನೋಡುವಂಥದ್ದು ಏನೂ ಇರಲಿಲ್ಲ. ಆದರೂ ನಾನೂ ನೋಡಿದೆ. ಈ ಊರಲ್ಲಿ ಇಷ್ಟು ವರ್ಷ ಇದ್ದೂ ಆ ಕೇಂದ್ರದ ಗೇಟಿನ ಮುಂದೆ ಕಾರಿನಲ್ಲಿ ಹಾದುಹೋಗುವಾಗ ನನಗೆ ಟ್ರಾಫಿಕ್ಕಿನ ಚಿಂತೆ ಬಿಟ್ಟರೆ ಬೇರೇನೂ ಬಂದದ್ದಿಲ್ಲ. ಆ ದಿನ ಮೈ ಜುಮ್ಮೆಂದಿತು. ತಳವೇ ಇಲ್ಲದ ಕಡೆ ಎಷ್ಟು ಉಳಿದಿದೆ ಎಂದು ಅಳೆಯುವುದರಲ್ಲಿ ಆಯುಷ್ಯ ಕಳೆದವರೊಬ್ಬರು, ಮೂರು ದಿನಕ್ಕೊಮ್ಮೆ ಒದ್ದೆ ಬಟ್ಟೆಯಲ್ಲಿ ಅದನ್ನೇ ಅಳೆದು ಮಕ್ಕಳಿಗೆ ಅನ್ನ ಹಾಕಿದವಳೊಬ್ಬಳು, ಇಬ್ಬರೂ ನನ್ನ ಹಿತ್ತಲಿನಲ್ಲಿ ಒಂದೇ ಸಿಲಿಂಡರಿನ ಮುಂದೆ ಕೂತಿದ್ದರು.

"ಪಾಪ" ಎಂದಳು ಅವ್ವ ಕೊನೆಗೆ. "ಅದಕ್ಕ ಅಕ್ಕಾರಿಗೆ ಸಂಪು ತಿಳೀಲಿಲ್ಲ ನೋಡು. ತಳ ಇಲ್ಲದ ಜಾಗಾದಾಗ ಕೆಲಸಾ ಮಾಡಿ ಬಂದಾರ." ಇದನ್ನು ಅನುವಾದಿಸಿದಾಗ ಆಕೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ಟ್ಯಾಂಕಿನ ಪಾಠ ಮಾತ್ರ ಸುಲಭಕ್ಕೆ ಬಗ್ಗಲಿಲ್ಲ. ನಮ್ಮ ಮಾಳಿಗೆಯ ಮೇಲೆ ಟ್ಯಾಂಕು ಎಲ್ಲಿಂದ ಬರಬೇಕು? ಹೊಸದೊಂದು ಎತ್ತರದ ಪ್ಲಾಸ್ಟಿಕ್ ಕಸದ ಡಬ್ಬಿ ತಂದು ಹಿತ್ತಲಿನಲ್ಲಿಟ್ಟು ಗಿಡಕ್ಕೆ ನೀರು ಬಿಡುವ ಪೈಪನ್ನು ಅದರೊಳಗೆ ಇಳಿಬಿಟ್ಟೆ. ಅವ್ವ ಅದಕ್ಕೆ ಬೆನ್ನು ಹಾಕಿ ಕೂತು ಬೀನ್ಸ್ ಹೆಚ್ಚತೊಡಗಿದಳು. ನಮ್ಮ ಜೊತೆ ಮಾತೂ ಆಡುತ್ತಿದ್ದಳು. ಮಾತಿನ ಮಧ್ಯೆ "ಹಾಂ, ಈಗ" ಎಂದಳು. ನಾನು ನಳ ನಿಲ್ಲಿಸಿ ನೋಡಿದರೆ ನೀರು ಅಂಚಿಗೆ ನಾಲ್ಕು ಬೆರಳು ಕೆಳಗೆ ನಿಂತಿತ್ತು. ಕಾಕತಾಳೀಯ ಎಂದುಕೊಂಡು ಚೆಲ್ಲಿ ಮತ್ತೆ ತುಂಬಿಸಿದೆ. ಮತ್ತೆ ನಾಲ್ಕೇ ಬೆರಳು. ಹುಟ್ಟಿದಾಗಿನಿಂದ ಈ ಹೆಂಗಸಿನ ಜೊತೆ ಬೆಳೆದವಳು ನಾನು, ಅವಳ ಕಿವಿಗೆ ಇಂಥದ್ದೊಂದು ವಿದ್ಯೆ ಇದೆ ಎಂದು ನನಗೆ ತಿಳಿದಿರಲಿಲ್ಲ. ನಳ ಬಂದ ದಿನ ಅವಳು ರೊಟ್ಟಿ ಬಡಿಯುತ್ತಲೇ "ಹೋಗಿ ಮೋಟಾರ ಆರ್ಸು" ಎಂದು ನನಗೆ ಕೂಗುತ್ತಿದ್ದದ್ದು ನೆನಪಾಯಿತು. ಗಡಿಯಾರ ನೋಡಿ ಹೇಳುತ್ತಾಳೆಂದೇ ನಾನು ತಿಳಿದಿದ್ದೆ.

ಪಕ್ಕದ ಮನೆಯಾಕೆ ಮೊದಲು ಇಂಜಿನಿಯರಂತೆಯೇ ನಡೆದುಕೊಂಡರು. ಡಬ್ಬಿಯ ಅಳತೆ, ನೀರಿನ ವೇಗ ಲೆಕ್ಕ ಹಾಕಿ ಕೈಗಡಿಯಾರ ಹಿಡಿದು ನಿಂತರು. ಅವ್ವ ಸದ್ದಿಲ್ಲದೆ ನನ್ನ ಕಡೆ ಕಣ್ಣು ಮಿಟುಕಿಸಿ ನಳವನ್ನು ಅರ್ಧ ತಿರುಗಿಸಿದಳು. ಆಕೆ "ತುಂಬಿತು" ಎಂದಾಗ ಡಬ್ಬಿ ಅರ್ಧವೂ ಆಗಿರಲಿಲ್ಲ.

"ನಳ ಒಂದಿನ ಜೋರ ಇರ್ತದ, ಒಂದಿನ ಮೆತ್ತಗ. ಗಡಿಯಾರಕ್ಕ ಅದು ತಿಳೀತದೇನ್ರಿ?" ಎಂದಳು. "ಕೇಳ್ರಿ ಅದನ್ನ. ಮದ್ಲ ಡಬ್ ಡಬ್ ಅಂತದ, ಖಾಲಿ ಹೊಟ್ಟಿ. ಆಮ್ಯಾಲ ಗಳಗಳ. ಕಡೀಕ ದನಿ ಸಣ್ಣ ಮಾಡ್ತದ, ಮಾತು ಮುಗಸಾಕ ಬಂದವ್ರಂಗ. ಅವಾಗ ಏಳ್ಬೇಕು. ತುಂಬಿದ ಮ್ಯಾಲ ಓಡಾವ್ರು ಹೊಸಬ್ರು. ತುಂಬೂದ್ರಾಗ ನಡಕೊಂತ ಹೋಗಾವ್ರು ಮನಿಯವ್ರು."

ಆಕೆ ಗಡಿಯಾರ ಬಿಚ್ಚಿ ಜೇಬಿಗೆ ಹಾಕಿಕೊಂಡರು. ಆಮೇಲೆ ದಿನವೂ ಬಂದು ಕಣ್ಣು ಮುಚ್ಚಿ ಕೂರುತ್ತಿದ್ದರು. ಡಬ್ಬಿ ದಿನವೂ ಉಕ್ಕಿತು. ನಮ್ಮ ಹುಲ್ಲು ಕೆಸರಾಯಿತು, ನನ್ನ ಗಂಡ ನೀರಿನ ಬಿಲ್ಲು ಹಿಡಿದು ಬಂದು, ನನ್ನ ಮುಖ ನೋಡಿ ಅದನ್ನು ಮಡಚಿ ಜೇಬಿಗಿಟ್ಟುಕೊಂಡರು. ಮತ್ತೆ ಮೆಕ್ಸಿಕೋಗೆ ಹೊರಡುವ ದಿನ ಹತ್ತಿರ ಬಂದಾಗಲೂ ಆಕೆಗೆ ಒಮ್ಮೆ ಹಿಡಿತಕ್ಕೆ ಸಿಕ್ಕರೆ ಎರಡು ಸಲ ತಪ್ಪುತ್ತಿತ್ತು. ನನಗೆ ಭಯವಾಯಿತು. ಈ ಮುಪ್ಪಿನಲ್ಲಿ ಸುಮ್ಮನೆ ಆಸೆ ಹುಟ್ಟಿಸಿದೆವೇನೋ ಅನ್ನಿಸಿತು.

ವಿಮಾನ ನಿಲ್ದಾಣಕ್ಕೆ ಬಿಡಲು ಪ್ರಾಸ್ಪರಿನಿಂದ ಮಗಳು ಬಂದಿದ್ದಳು. ಸಾಮಾನು ಕಾರಿಗೆ ಹಾಕುವಾಗ ನನ್ನ ಹತ್ತಿರ ಬಂದು, ಆ ಮೆಟ್ಟಿಲಿನದೇ ನನಗೆ ಚಿಂತೆ ಎಂದಳು. ಅವ್ವ ಆಕೆಯ ಕೈಗೆ ಒಂದು ಹಳೆಯ ಮೆತ್ತನೆ ಬಟ್ಟೆ ಕೊಟ್ಟಳು, ಸಿಲಿಂಡರ್ ಒರೆಸಲು. ಕಾರು ತಿರುವಿನಲ್ಲಿ ಮರೆಯಾಗುವವರೆಗೂ ನಿಂತಿದ್ದಳು.

ಮೊದಲ ವಾರಗಳಲ್ಲಿ ಬಂದ ಸುದ್ದಿ ಚುಟುಕು. ಆರಾಮಿದ್ದೇನೆ, ಕೆರೆ ಚೆನ್ನಾಗಿದೆ, ಅಷ್ಟೇ. ಅವ್ವ ಪ್ರತಿದಿನ ಕೇಳುವಳು: "ಟ್ಯಾಂಕಿನ ಸುದ್ದಿ ಏನರ ಹೇಳಿದ್ರೇನು?" ಇಲ್ಲ ಎಂದರೆ ಬಚ್ಚಲಿಗೆ ಹೋಗಿ ಪಾತ್ರೆಯ ತಟ್ಟೆಗಳನ್ನು ಸರಿಮಾಡುವಳು. ಆ ಪಾತ್ರೆಗಳ ಬಗ್ಗೆ ನಾನು ಈಗ ಮಾತಾಡುವುದನ್ನು ಬಿಟ್ಟಿದ್ದೆ.

ಒಂದು ಭಾನುವಾರ ಬೆಳಗ್ಗೆ ವಿಡಿಯೋ ಕಾಲ್ ಬಂತು. ಆಕೆ ಅಂಗಳದಲ್ಲಿ ಕೂತಿದ್ದರು, ಹಿಂದೆ ಬೋಗನ್‌ವಿಲ್ಲಾ, ಅದರಾಚೆ ಬೆಳ್ಳಗೆ ಕೆರೆ. ಸಿಲಿಂಡರ್ ತರುವವನಿಗೆ ನೀರು ಕೊಟ್ಟ ಕಥೆ ಹೇಳುತ್ತಿದ್ದರು, ನಾನು ಅವ್ವನಿಗೆ ಕನ್ನಡದಲ್ಲಿ ಹೇಳುತ್ತಿದ್ದೆ. ಅವ್ವ ಕೇಳಿಸಿಕೊಳ್ಳುತ್ತಿರಲಿಲ್ಲ. ತಲೆ ಓರೆ ಮಾಡಿ ಫೋನಿಗೆ ಕಿವಿ ಹತ್ತಿರ ತಂದಳು. ಆಗ ನನಗೂ ಕೇಳಿಸಿತು. ಮಾತಿನ ಹಿಂದೆ, ಮೇಲೆಲ್ಲೋ, ನೀರು ಬೀಳುತ್ತಿತ್ತು. ಗಳಗಳ ಎನ್ನುತ್ತಿದ್ದದ್ದು ಸಣ್ಣಗಾಗತೊಡಗಿತ್ತು.

ಅವ್ವ ನನ್ನ ಮೊಣಕೈ ಹಿಡಿದಳು. ಹೇಳು ಅವರಿಗೆ ಎನ್ನಲು ಬಾಯಿ ತೆರೆದಳು.

ಅಷ್ಟರಲ್ಲಿ ಆಕೆ ಒಂದು ಬೆರಳೆತ್ತಿ ನಮ್ಮನ್ನು ತಡೆದು ಎದ್ದರು. ಪರದೆಯ ಮೇಲೆ ಖಾಲಿ ಕುರ್ಚಿ ಉಳಿಯಿತು. ಹೆಜ್ಜೆಯ ಸಪ್ಪಳ ಕೇಳಿಸಿತು. ಸ್ವಲ್ಪ ಹೊತ್ತಿಗೆ ಸ್ವಿಚ್ಚಿನ ಟಕ್ ಎಂಬ ಸದ್ದು, ನೀರು ನಿಂತಿತು. ಏನೂ ಉಕ್ಕಲಿಲ್ಲ. ಅವರು ಬಂದು ಕೂತು, ಎಲ್ಲಿಗೆ ಬಂದಿದ್ದೆ ನಾನು ಎಂದು ಸಿಲಿಂಡರಿನವನ ಕಥೆಯನ್ನೇ ಮುಂದುವರಿಸಿದರು.

ನಾನು ಅನುವಾದಿಸುವುದನ್ನೇ ಮರೆತಿದ್ದೆ. ಅವ್ವ ನನ್ನ ಮೊಣಕೈ ಬಿಟ್ಟಳು.

"ಸಪ್ಪಳಾ ಕೇಳಿದೇನು?" ಎಂದಳು ಮೆಲ್ಲಗೆ. "ಓಡ್ಲಿಲ್ಲ. ನಡಕೊಂತ ಹೋದ್ರು."